ಬಾಲ್ಕನಿಯ ಚಾಪೆ ಮತ್ತು ನನ್ನ ಬಸಿರು

ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ. ನಾನು ಬಸಿರಾಗಿದ್ದೇನೋ ಇಲ್ಲವೋ ಎಂದು ತೀರ್ಮಾನಿಸಿದ್ದು ನಾನಲ್ಲ, ಡಾಕ್ಟರೂ ಅಲ್ಲ, ಬಾಲ್ಕನಿಯಲ್ಲಿ ಹಾಸಿದ ಒಂದು ಚಾಪೆ!

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲೇ ಬೆಳೆದ ಧಾರವಾಡದವರ ಮಗಳು. ಸೊಸೆಯಾಗಿ ಹೋದದ್ದು ಎರಡು ಗಲ್ಲಿ ಆಚೆಗಿನ ಉಡುಪಿಯವರ ಮನೆಗೆ. ಒಂದೇ ಬೆಡ್‌ರೂಮಿನ ಫ್ಲ್ಯಾಟು, ಆದರೂ ಮುಟ್ಟಾದರೆ ಮೂರು ದಿನ ಹೊರಗೆ ಕೂರಬೇಕು. ಹೊರಗೆ ಎಂದರೆ ಬಾಲ್ಕನಿಯಲ್ಲಿ, ವಾಶಿಂಗ್ ಮಷೀನಿನ ಪಕ್ಕ. ಬೇರೆ ಚಾಪೆ, ಬೇರೆ ತಟ್ಟೆ. ಅಲ್ಲಿಂದ ಎದ್ದು ಲೋಕಲ್ ಹತ್ತಿ, ಊರವರನ್ನೆಲ್ಲ ಮುಟ್ಟಿಕೊಂಡು ಮಹಾಪೆಯ ಆಫೀಸಿಗೆ ಹೋಗಿ ಬರಬಹುದು. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟಬಾರದು. ಎಂಥ ಮಡಿಯೋ ಏನೋ!

ಆ ತಿಂಗಳು ಕಂಡದ್ದು ತೊಗರಿಬೇಳೆಯಷ್ಟು ಕಲೆ. ಮನೆಯ ಶಿಸ್ತಿನಂತೆ ಅತ್ತೆಗೆ ಹೇಳಿದೆ, ಚಾಪೆ ಬಂತು. ಮರುದಿನ ಏನೂ ಇಲ್ಲ. ಅದನ್ನೂ ಹೇಳಿದೆ.

"ಕೂತದ್ದು ಕೂತಾಯ್ತಲ್ಲ ಮಾರಾಯ್ತಿ, ಮೂರು ದಿನ ಮುಗೀಲಿ" ಎಂದರು ಅತ್ತೆ. ಅಲ್ಲಿಗೆ ಮನೆಯವರ ಲೆಕ್ಕದಲ್ಲಿ ನಾನು ಆ ತಿಂಗಳು ಮುಟ್ಟಾದವಳೇ.

ಆಮೇಲೆ ಶುರುವಾಯಿತು. ಇಂಗಿನ ಒಗ್ಗರಣೆಯ ವಾಸನೆ ಬಂದರೆ ಬಾತ್‌ರೂಮಿಗೆ ಓಟ. ಚಹಾ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ರುಚಿ. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಯಾರದೋ ಮೊಣಕೈ ಎದೆಗೆ ತಾಗಿದರೆ ಕಣ್ಣಲ್ಲಿ ನೀರು. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಲ್ಲೇ ತೂಕಡಿಕೆ. ನನ್ನ ಮೈ ಇಷ್ಟು ಬಿಡಿಸಿ ಹೇಳುತ್ತಿರುವಾಗ ನನಗೆ ತಿಳಿಯದೇ?

"ಅತ್ತಿ, ನಾ ಬಸುರಾಗೇನಿ ಅನಸ್ಲಿಕ್ಕತ್ತದರಿ."

"ಎಂಥ ಬಸಿರು? ಮೊನ್ನೆ ಹೊರಗೆ ಕೂತದ್ದು ನೆನಪಿಲ್ಲವಾ? ಕಂಡಕಂಡಲ್ಲಿ ವಡಾಪಾವ್ ತಿಂದು ಪಿತ್ತ ಆದದ್ದು. ಜೀರಿಗೆ ಕಷಾಯ ಕುಡಿ."

ಗಂಡನತ್ತ ನೋಡಿದೆ. ಮನೆಯಲ್ಲಿ ಎಲ್ಲರೂ ಕನ್ನಡ ಆಡಿದರೂ ಅವನ ಉತ್ತರ ಹಿಂದಿಯಲ್ಲೇ. "ಅರೇ ಯಾರ್, ಅಮ್ಮಾ ಬೋಲ್ ರಹೀ ಹೈ ನಾ" ಎಂದು ಮೊಬೈಲಿಗೆ ಮರಳಿದ. ಅಮ್ಮ ಹೇಳಿದ್ದಾರಂತೆ! ಹೊಟ್ಟೆ ಯಾರದಪ್ಪಾ?

ಕೆಳಗಿನ ಮೆಡಿಕಲ್ ಅಂಗಡಿಯವನು ಮಾವನ ಹರಟೆಯ ಗೆಳೆಯ. ಅಲ್ಲಿ ಟೆಸ್ಟ್ ಕಿಟ್ ಕೇಳಿದರೆ ಸುದ್ದಿ ನನಗಿಂತ ಮೊದಲು ಲಿಫ್ಟ್ ಹತ್ತುತ್ತಿತ್ತು. ಮಹಾಪೆಯಲ್ಲೇ ತಗೊಂಡರಾಯಿತು ಎಂದು ಹೊರಟ ಬೆಳಿಗ್ಗೆಯೇ ಸ್ಟೇಷನ್ನಿನ ಸೇತುವೆಯ ಮೇಲೆ ಕಣ್ಣು ಕತ್ತಲಿಟ್ಟಿತು. ಮೆಟ್ಟಿಲ ಮೇಲೆ ಕುಕ್ಕರಿಸಿ ಬಿದ್ದೆ. ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ.

ಯಾರೋ ಪುಣ್ಯಾತ್ಮರು ಆಟೋದಲ್ಲಿ ಆಸ್ಪತ್ರೆ ಮುಟ್ಟಿಸಿದರು. ಅಲ್ಲಿಗೆ ಅತ್ತೆಯೇ ಬಂದರು. ಮುಟ್ಟು ಯಾವಾಗ ಆಗಿತ್ತು ಎಂದು ಡಾಕ್ಟರು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ಅತ್ತೆ: "ಅಭೀ ಅಭೀ ಹುವಾ, ಡಾಕ್ಟರ್." ಈಗಷ್ಟೇ ಆಯಿತಂತೆ! ಡಾಕ್ಟರು ಸೊಂಟದ ಎಕ್ಸ್‌ರೇ ಬರೆದರು. ನಾನು ನೋವಿಗೆ ಹಲ್ಲು ಕಚ್ಚಿ ಸೊಂಟ ಒತ್ತಿ ಹಿಡಿದುಕೊಂಡಿದ್ದೆ.

ಎಕ್ಸ್‌ರೇ ಕೋಣೆಯ ಮೇಜಿನ ಮೇಲೆ ಮಲಗಿಸಿದರು. ಯಂತ್ರವನ್ನು ಸರಿಯಾಗಿ ಕಿಬ್ಬೊಟ್ಟೆಯ ಮೇಲಕ್ಕೆ ಎಳೆದುಕೊಂಡ ಹುಡುಗಿ, ಎಲ್ಲರನ್ನೂ ಕೇಳುವ ಧಾಟಿಯಲ್ಲೇ ಕೇಳಿದಳು: "ಪ್ರೆಗ್ನೆಂಟ್ ನಾಹೀ ನಾ?"

"ನಹೀ, ನಹೀ!" ಬಾಗಿಲಾಚೆಯಿಂದ ಅತ್ತೆ.

ಯಂತ್ರ ನೋಡಿದೆ. ಒಳಗಿರುವುದಕ್ಕೆ ಏನಾದರೂ ಆದರೆ ಆ ಚಾಪೆ ಬಂದು ಜವಾಬು ಕೊಡುತ್ತದೆಯೇ?

"ಆಹೇ!" ಹೌದು, ಇದ್ದೇನೆ ಎಂದು ಮರಾಠಿಯಲ್ಲೇ ಕಿರುಚಿದೆ. "ಮೀ ಪ್ರೆಗ್ನೆಂಟ್ ಆಹೇ. ಮಶೀನ್ ಕಾಢಾ!"

ಹುಡುಗಿ ಬೆಚ್ಚಿ ಯಂತ್ರ ಹಿಂದಕ್ಕೆ ತಳ್ಳಿದಳು. ಮೊದಲು ಮೂತ್ರ ಪರೀಕ್ಷೆ ಎಂದರು. ಎರಡು ಗೆರೆ, ಅದೂ ಢಾಳಾಗಿ. ನಾನು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ. ಖುಷಿಗೋ ಸಿಟ್ಟಿಗೋ ನನಗೇ ಗೊತ್ತಾಗಲಿಲ್ಲ.

ಹೊರಗೆ ಬಂದರೆ ಅತ್ತೆ ಆಗಲೇ ಉಡುಪಿಯ ಅಕ್ಕನಿಗೆ ಫೋನು ಹಚ್ಚಿದ್ದರು. "ನನಗೆ ಮೊದಲೇ ಸಂಶಯ ಇತ್ತು. ಅವಳ ಮೋರೆ ನೋಡಿಯೇ ಹೇಳಿದ್ದೆ ನಾನು!" ಅಬ್ಬಾ, ಇದಕ್ಕೇನು ಹೇಳಬೇಕು!

ಡಾಕ್ಟರು ಮತ್ತೆ ಕರೆದರು. ಮುಟ್ಟಿನ ತಾರೀಕು ಸರಿಯಾಗಿ ಹೇಳಿ, ಹೆರಿಗೆಯ ದಿನ ಲೆಕ್ಕ ಹಾಕಬೇಕು ಎಂದರು. ಅತ್ತೆ ಫೋನು ಕಿವಿಯಿಂದ ತೆಗೆದು ಬಾಯಿ ತೆರೆದರು.

"ನೀವು ಸುಮ್ನಿರ್ರಿ ಅತ್ತಿ," ಎಂದೆ. "ನನ್ನ ಮೈ. ನಾನs ಹೇಳ್ತೀನಿ."