ದೇವದೂತಗ ಹೆಪ್ಪಿನ ಚಿಂತಿಲ್ಲ

ಗೋಕಾಕದಾಗ ಸಿನಿಮಾ ತೋರಸೋ ಮಂದಿಗೆ ರೊಟ್ಟಿ ಬಡದು ಒಯ್ದಿದ್ದೆ. ಅವರ ಊಟ ಆಗಿ ಬುಟ್ಟಿ ಖಾಲಿ ಆಗೂತನಾ ಏನ್ ಮಾಡೂದು, ನಾನೂ ಕುಂತು ನೋಡಿದೆ. ಪರದೇಶದ ಸಿನಿಮಾ. ಬಾಜೂಕ ಕುಂತಿದ್ದ ಹುಡುಗಿ ಕನ್ನಡದಾಗ ಬಿಡಿಸಿ ಹೇಳತಿದ್ದಳು.

ಅದರಾಗೊಬ್ಬ ದೇವದೂತ. ಯಾರ ಕಣ್ಣಿಗೂ ಬೀಳೂದಿಲ್ಲ. ಬೇಕಾದವರ ಮನಿ ಹೊಕ್ಕು ಗಂಡ-ಹೆಂಡರ ಜಗಳ ಕೇಳತಾನ. ಮಂದಿ ಮನಸಿನಾಗ ಅಂದುಕೊಂಡಿದ್ದೂ ಅವಂಗ ಕೇಳತೈತಿ! ನನಗ ಹೊಟ್ಟಿ ಧಗಧಗ ಉರೀತು ನೋಡ್ರಿ. ನಮ್ಮ ಬಾಜೂ ಮನಿ ಗಂಗವ್ವನ ಸೊಸಿ ಸಿಟ್ಟಾಗಿ ತವರಿಗೆ ಹೋಗಿ ತಿರುಗಿ ಬಂದಾಳ. ಯಾಕ ಹೋಗಿದ್ದಳು ಅಂತ ತಿಳಕೊಳ್ಳಾಕ ನಾ ಮೂರು ಸಲ ಹಾಲಿಗೆ ಹೆಪ್ಪು ಕೇಳಾಕ ಹೋಗೇನಿ. ಗಂಗವ್ವ ಹೊಸ್ತಿಲದಾಗ ಹೆಪ್ಪು ಕೊಟ್ಟು ಬಾಗಿಲಾ ಹಾಕತಾಳ. ನಮ್ಮನಿ ತುಂಬ ಮೊಸರಾತು, ಸುದ್ದಿ ಒಂದು ಹನಿ ಸಿಕ್ಕಿಲ್ಲ.

ಇಷ್ಟೆಲ್ಲಾ ಸುಖ ಇದ್ದೂ ಆ ದೇವದೂತ ಮನಶ್ಯಾ ಆಗಬೇಕಂತ ಅಳಾಕತ್ತಿದ್ದ.

“ಇವಂಗೇನ್ ಧಾಡಿ ಆಗೇತವಾ?” ಅಂದೆ.

“ಅವನ ಮಾತು ಯಾರಿಗೂ ಕೇಳಸೂದಿಲ್ರಿ ಆಯಿ,” ಅಂದಳು ಹುಡುಗಿ.

“ಅಂದ್ರ ಕೇಳಿದ್ದನ್ನ ಒಬ್ಬರ ಮುಂದೂ ಹೇಳಾಕ ಬರೂದಿಲ್ಲ?”

“ಒಬ್ಬರ ಮುಂದೂ ಇಲ್ರಿ.”

ನನಗ ಕರುಳು ಚುರುಕ್ ಅಂತು. ಪಾಪ, ಊರ ಸುದ್ದಿ ಎಲ್ಲಾ ಹೊಟ್ಯಾಗ ಇಟಕೊಂಡು ಎಷ್ಟು ವರ್ಷ ತಡಕೊಂಡಿದ್ದನೋ! ಕಡೀಕ ಅವ ಮನಶ್ಯಾ ಆಗೇಬಿಟ್ಟ. ಆಗಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದಕ್ಕಿಂತ ಮೊದಲ ಒಂದು ಸಲ ಗಂಗವ್ವನ ಮನಿಗೆ ಹೋಗಿ ಬಂದಿದ್ರ ಅವನ ಗಂಟೇನ್ ಹೋಗತಿತ್ತು?