ಸುಮ್ಮನೆ ಕೂರಲು ಅಪ್ಪಣೆ

ಎಂಬತ್ತರ ಸುಮಾರಿಗೆ ನಾನು ಮಧುಗಿರಿಯಲ್ಲಿ ಅಂಚೆ ಗುಮಾಸ್ತನಾಗಿದ್ದೆ. ಸರ್ಕಾರ ಕೊಡುವ ರಜಾ ಪ್ರವಾಸದಲ್ಲಿ ಮನೆಯವರನ್ನೆಲ್ಲ ಅಂಡಮಾನಿನ ಸಮುದ್ರತೀರಕ್ಕೆ ಕರೆದೊಯ್ಯುವ ಆಸೆ. ಅರ್ಜಿಗೆ ಅಂದೇ ಕೊನೆಯ ದಿನ, ಸಂಜೆಯೊಳಗೆ ಕಚೇರಿ ಸೇರಬೇಕಿತ್ತು. ಅಮ್ಮನೋ, ದೇವರಲ್ಲಿ ಹೂ ಕೇಳದೆ ಹಡಗು ಹತ್ತುವುದಿಲ್ಲವೆಂದು ಹಟ ಹಿಡಿದಳು.

ಊರಮ್ಮನ ಗುಡಿಯಲ್ಲಿ ಪೂಜಾರಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಬಲಗಡೆಯದು ಬಿದ್ದರೆ ಹೋಗಬಹುದು, ಎಡಗಡೆಯದು ಬಿದ್ದರೆ ಇಲ್ಲ. ಒಂದು ಗಂಟೆ ಕಳೆದರೂ ಯಾವುದೂ ಅಲುಗಲಿಲ್ಲ. ನಾನು ವಾಚು ನೋಡುತ್ತಲೇ ಇದ್ದೆ.

“ಅಲ್ಲೇನ್ ಕೆಲ್ಸ ಸ್ವಾಮಿ?” ಎಂದು ಪೂಜಾರಿ ಕೇಳಿದ.

“ಏನಿಲ್ಲ. ದಡದಲ್ಲಿ ಸುಮ್ನೆ ಕೂತಿದ್ದು ಬರೋದು.”

ಅವನು ಹುಬ್ಬು ಗಂಟಿಕ್ಕಿದ. “ಮದ್ವೆ, ಬಾವಿ, ಕಳ್ದೋದ ಎಮ್ಮೆ, ಏನಾದ್ರೂ ಕೇಳಿ. ಸುಮ್ನೆ ಕೂರಾಕೆ ಊರಮ್ಮ ಹೆಂಗೆ ಅಪ್ಪಣೆ ಕೊಟ್ಟಾಳು?”

ಅಮ್ಮ ಸೆರಗೊಡ್ಡಿದಳು. “ತಾಯಿ, ಇವ್ನು ಕೆಲ್ಸಕ್ಕೆ ಸೇರಿದಾಗಿಂದ ಒಂದಿನಾನೂ ಸುಮ್ನೆ ಕೂತಿಲ್ಲ. ಕೂರಿಸ್ಕೊಂಡ್ ಬತ್ತೀನಿ, ಅಪ್ಪಣೆ ಕೊಡವ್ವ.”

ಬಲಗಡೆಯ ಹೂ ಬಿತ್ತು.

ಅಂಡಮಾನಿನಲ್ಲಿ ಹೆಂಡತಿ ಮಕ್ಕಳು ನೀರಿಗಿಳಿದು ಕುಣಿದರು. ನಾನು ಏಳಲು ಹೋದಾಗಲೆಲ್ಲ ಅಮ್ಮ ಅಂಗಿ ಹಿಡಿದು ಎಳೆದಳು. “ಕೂತ್ಕೊ ಕಣ್ಲಾ. ಊರಮ್ಮಂಗೆ ಮಾತು ಕೊಟ್ಟಿವ್ನಿ.”