ಕೈಗೆ ಸುತ್ತಿದ ದಾರ

ಸಲೂನಿಗೆ ರಜೆಯಿರುವ ದಿನ ಸಮುದ್ರದ ತಡೆಗೋಡೆಯ ಮೇಲೆ ಕೂತು ಗಾಳ ಹಾಕುವುದೊಂದೇ ಅವನಿಗಿದ್ದ ಚಟ. ಬೀಡಿಯಿಲ್ಲ, ಇಸ್ಪೀಟಿಲ್ಲ. ಮೀನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಗಿರಾಕಿಗಳ ಬಾಯಿ ಕೇಳದೆ ಕೂರುವ ಸುಖವಾದರೂ ಸಿಕ್ಕಿತು ಎನ್ನುವ ಆಸಾಮಿ. ಆ ಸಲ ಹೆಂಡತಿಯ ತಮ್ಮನೂ ಹೊಸ ಗಾಳದ ಕೋಲು ಹಿಡಿದು ಬೆನ್ನು ಹತ್ತಿದ್ದ.

ಭಾವಮೈದುನ ಗಾಳಕ್ಕೆ ಸಿಕ್ಕಿಸಿದ್ದ ಪುಟ್ಟ ಮೀನನ್ನು ಏನೋ ನುಂಗಿ ಓಡಿತು. ಕೋಲು ಬಿಲ್ಲಿನಂತೆ ಬಾಗಿತು.

"ಭಾವಾ, ಭರ್ಜರಿ ಬಿದ್ದಿದೆ!"

ಅಷ್ಟರಲ್ಲಿ ನೀರಿನಿಂದ ಬೂದು ಬೆನ್ನೊಂದು ಮೇಲೆದ್ದು ಬುಸ್ಸೆಂದು ಉಸಿರು ಬಿಟ್ಟಿತು. ಡಾಲ್ಫಿನ್.

"ಅಯ್ಯೋ, ಅದನ್ನ ಹಿಡೀಬಾರದು ಕಣೋ! ಎಳೀಬೇಡ!"

ಭಾವಮೈದುನ ಗಾಬರಿಯಿಂದ ಕೋಲನ್ನು ಭಾವನ ಕೈಗೆ ತುರುಕಿ ಹಿಂದೆ ಸರಿದ. ಅಲ್ಲೇ ದಾರ ಕತ್ತರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅಷ್ಟುದ್ದದ ದಾರ ಬಾಲಕ್ಕೆ, ರೆಕ್ಕೆಗೆ ಸುತ್ತಿಕೊಂಡರೆ ಅದು ಬದುಕುವುದಿಲ್ಲವೆಂದು ಭಾವ ಕಲ್ಲುಗಳ ಮೇಲೆ ನೀರಿನಂಚಿಗೆ ಇಳಿದ. ದಾರವನ್ನು ಕೈಗೆ ಸುತ್ತಿ ಹತ್ತಿರಕ್ಕೆಳೆದ. ಡಾಲ್ಫಿನ್ ಒಮ್ಮೆ ಒದ್ದಾಡಿತು. ನೈಲಾನ್ ದಾರ ಬಲಗೈಯ ತೋರುಬೆರಳನ್ನು ಮೂಳೆಯವರೆಗೆ ಸೀಳಿತು. ಹಲ್ಲು ಕಚ್ಚಿ, ಎಡಗೈಯಲ್ಲಿ ಚಾಕು ಹಿಡಿದು, ಅದರ ಬಾಯಿಯ ಹತ್ತಿರವೇ ದಾರ ಕತ್ತರಿಸಿದ. ಅದು ಮುಳುಗಿ ಹೊರಟುಹೋಯಿತು.

ಗೋಡೆಯ ಮೇಲೆ ಯಾರೋ ಮೊಬೈಲು ಹಿಡಿದಿದ್ದರು. ಊರೆಲ್ಲ ಹರಿದಾಡಿದ ವಿಡಿಯೋದಲ್ಲಿ ಕಂಡದ್ದು ಇಷ್ಟೇ: ಒಬ್ಬ ಡಾಲ್ಫಿನ್ನನ್ನು ಎಳೆಯುತ್ತಿದ್ದಾನೆ, ಕೈಯಲ್ಲಿ ಚಾಕು, ನೀರೆಲ್ಲ ರಕ್ತ. ರಕ್ತ ಯಾರದೆಂದು ಒಬ್ಬರೂ ಕೇಳಲಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಸಲೂನಿಗೆ ದಾಟಿದರು. "ಅಂಥವನ ಕತ್ತಿಗೆ ಕುತ್ತಿಗೆ ಕೊಡೋದಾ?" ಎಂದು ಅವನ ಬಾಗಿಲೆದುರೇ ಆಡಿಕೊಂಡರು. ಭಾವಮೈದುನ ನಿಜ ಹೇಳುತ್ತಾನೆಂದು ಅವನು ಕಾದ. ಆ ಮಹಾರಾಯ ನಾಲ್ಕು ಜನರೆದುರು ಹೇಳಿದ್ದು ಬೇರೆಯೇ: "ನಮ್ಮ ಭಾವ ಕೆಟ್ಟವರಲ್ಲ. ಏನೋ, ಆ ಹೊತ್ತಿಗೆ ಬುದ್ಧಿ ಕೆಟ್ಟಿತ್ತು."

ಕೇಳಿ ಇವನಿಗೆ ಮೈಯೆಲ್ಲ ಉರಿದುಹೋಯಿತು. "ಗಾಳ ಯಾರದು ಅಂತ ಇವತ್ತು ಎಲ್ಲರೆದುರೂ ಹೇಳಿಬಿಡ್ತೀನಿ" ಎಂದು ಚಪ್ಪಲಿ ಮೆಟ್ಟಿದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಬೇಡ ರೀ. ಅವನಿಗೆ ಹೆಣ್ಣು ಗೊತ್ತಾಗಿದೆ. ನಿಮಗಾದ್ರೆ ಮದುವೆಯಾಗಿ ಮಕ್ಕಳೂ ಆಗಿವೆ. ನಿಮ್ಮದು ಹೋಗೋದೇನಿದೆ?"

"ಏನಿದೆಯಾ? ಈ ಬೆರಳು ನೋಡೇ, ಮಡಚೋಕೇ ಬರಲ್ಲ!"

"ಬೆರಳು ಹೇಗೂ ಹೋಯ್ತಲ್ಲ ರೀ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಮದುವೆಯ ಹಿಂದಿನ ದಿನ ಅವಳೇ ಬಟ್ಟೆ ಮಡಚುತ್ತ, ತಲೆಯೆತ್ತದೆ ಹೇಳಿದಳು: "ಹುಡುಗಿ ಕಡೆಯವರು ಆ ವಿಡಿಯೋ ನೋಡಿದ್ದಾರಂತೆ. ನೀವು ಬರದಿದ್ರೆ ಒಳ್ಳೇದು ಅಂತ..."

"ಯಾರು, ನಿನ್ನ ತಮ್ಮ ಅಂದನಾ?"

ಅವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಹೆಂಡತಿ ಮಕ್ಕಳು ಮದುವೆಗೆ ಹೋದ ಮೇಲೆ ಅವನು ಅಂಗಡಿ ತೆರೆದ. ಊರಿಗೆ ಹೊಸಬನೊಬ್ಬ ಬಂದು ಕುರ್ಚಿಯಲ್ಲಿ ಕೂತ. ತೋರುಬೆರಳು ಮಡಚದೆ ಕತ್ತಿ ಹಿಡಿತಕ್ಕೆ ಬರಲಿಲ್ಲ. ಗದ್ದದ ಕೆಳಗೆ ರಕ್ತ ಜಿನುಗಿತು. ಆತ ಒರೆಸಿಕೊಂಡು ಕನ್ನಡಿಯಲ್ಲೇ ಇವನ ಮುಖ ನೋಡಿದ.

"ಕೆಲಸಕ್ಕೆ ಹೊಸಬರಾ?"

ತನಗೆ ಮೀಸೆ ಚಿಗುರುವ ಮುಂಚೆಯೇ ಕತ್ತಿ ಹಿಡಿದವನು ಇವನು.

"ಹೌದು ಸ್ವಾಮಿ," ಎಂದ. "ಈಗ ಕಲೀತಾ ಇದ್ದೀನಿ."